1100, 1833, 2167: ಹಳೆಯ ಪ್ಲಗಿನ್ ಪ್ಲೇಯರ್‌ಗೆ ಹೊಸ ಪ್ರೊಸೆಸರ್ ಹಾಕಹೊರಟ ಒಂದು ಪ್ರಕರಣ

ಹಿನ್ನೆಲೆ

ಸಾಫ್ಟ್‌ವೇರ್ ವಾದ್ಯಗಳನ್ನು, ಅಂದರೆ ವಿಎಸ್‌ಟಿ ಪ್ಲಗಿನ್‌ಗಳನ್ನು ನುಡಿಸುವುದಕ್ಕೆಂದೇ ಕಟ್ಟಿದ ರ‍್ಯಾಕ್ ಯಂತ್ರಗಳು 2000ರ ದಶಕದಲ್ಲಿ ಒಂದಷ್ಟು ಬಂದವು. ಅವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಅಮೆರಿಕದ ಮ್ಯೂಸ್ ರಿಸರ್ಚ್ ಕಂಪನಿಯ ರಿಸೆಪ್ಟರ್. ಮುಂಭಾಗದ ಫಲಕದಲ್ಲಿ ತಿರುಗಿಸುವ ಗುಂಡಿಗಳು, ಪುಟ್ಟ ಡಿಸ್‌ಪ್ಲೇ; ಹಿಂದೆ ಮಿಡಿ, ಆಡಿಯೊ ಜಾಕ್‌ಗಳು. ನೋಡಿದರೆ ಅಪ್ಪಟ ಸಿಂಥ್ ಮಾಡ್ಯೂಲ್. ಮುಚ್ಚಳ ಬಿಚ್ಚಿದರೆ ಮಾತ್ರ ಒಳಗೆ ಕಾಣುವುದು ಆ ಕಾಲದ ಮಾಮೂಲಿ ಪಿಸಿ: ಅಂಗಡಿಯಲ್ಲಿ ಸಿಗುತ್ತಿದ್ದಂಥ ಮದರ್‌ಬೋರ್ಡ್, ಎಎಂಡಿ ಪ್ರೊಸೆಸರ್, ಐಡಿಇ ಹಾರ್ಡ್ ಡಿಸ್ಕ್. ಮೇಲೆ ಲಿನಕ್ಸ್, ಅದರ ಮೇಲೆ ವಿಂಡೋಸ್ ಪ್ಲಗಿನ್‌ಗಳನ್ನು ಓಡಿಸಲು ತಿದ್ದಿಕೊಂಡ ವೈನ್ ಎಂಬ ತಂತ್ರಾಂಶ. ಒಳಗಿರುವುದು ಪಿಸಿಯೇ ಆದ್ದರಿಂದ, "ಪ್ರೊಸೆಸರ್ ಬದಲಾಯಿಸಿದರೆ ಹೊಸದರಂತೆ ಓಡೀತು" ಎಂಬ ಆಸೆ ಇಂಥ ಯಂತ್ರ ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಹುಟ್ಟುತ್ತದೆ.

ಇಲ್ಲಿ ಹೇಳುತ್ತಿರುವುದು ಅದೇ ತಲೆಮಾರಿನ, ಅದೇ ತತ್ತ್ವದ ಒಂದು ಯಂತ್ರದ ಕಥೆ. ಮಾದರಿ, ಊರು, ಮಾಲೀಕರ ಗುರುತು ಬಿಟ್ಟಿದ್ದೇವೆ. ಮಾಲೀಕರು ಅಮೆರಿಕದ ಮಧ್ಯಪಶ್ಚಿಮದ ಕೀಬೋರ್ಡ್ ವಾದಕರು. ಸಂಗೀತ ನಾಟಕಗಳ ವಾದ್ಯವೃಂದದಲ್ಲೂ ಭಾನುವಾರದ ಚರ್ಚಿನಲ್ಲೂ ನುಡಿಸುವವರು. ಯಂತ್ರ 2ಯು, ಅಂದರೆ ರ‍್ಯಾಕಿನ ಎರಡು ಅಂತಸ್ತಿನ ಎತ್ತರದ್ದು. ಪ್ರೊಸೆಸರ್ ಅಥ್ಲಾನ್ ಎಕ್ಸ್‌ಪಿ 2500+ (ಇದು ಮಾದರಿಯ ಹೆಸರು, ಮೆಗಾಹರ್ಟ್ಸ್ ಅಲ್ಲ), ಬಾರ್ಟನ್ ಎಂಬ ವಿನ್ಯಾಸದ್ದು. 462 ಪಿನ್‌ನ ಸಾಕೆಟ್ ಎ ಮದರ್‌ಬೋರ್ಡ್, ಪ್ರೊಸೆಸರನ್ನು ಮೆಮೊರಿಗೂ ಉಳಿದ ಭಾಗಗಳಿಗೂ ಜೋಡಿಸುವ ವಿಯಾ ಕೆಎಂ400 ಚಿಪ್‌ಸೆಟ್, 1 ಜಿಬಿ ಡಿಡಿಆರ್ ಮೆಮೊರಿ.

ದೂರು ಏನಿತ್ತು

ಆರ್ಗನ್, ಎಲೆಕ್ಟ್ರಿಕ್ ಪಿಯಾನೊ, ತಂತಿವಾದ್ಯ ಮೂರನ್ನೂ ಒಂದರ ಮೇಲೊಂದು ಹಾಕಿ ಕೊನೆಗೊಂದು ರಿವರ್ಬ್ (ಸಭಾಂಗಣದ ಅನುರಣನ) ಸೇರಿಸಿದ ಪ್ಯಾಚ್, ಅಂದರೆ ಧ್ವನಿಜೋಡಣೆ, ವಾದಕರ ದಿನನಿತ್ಯದ ಊಟವಾಗಿತ್ತು. ಮೊದಲೆಲ್ಲ 128 ಸ್ಯಾಂಪಲ್ ಬಫರಿನಲ್ಲಿ (ಒಮ್ಮೆಗೆ ಲೆಕ್ಕಹಾಕಿ ಕಳಿಸುವ ಧ್ವನಿಯ ತುಂಡು; ಚಿಕ್ಕದಾದಷ್ಟೂ ಪ್ರೊಸೆಸರಿಗೆ ಅವಸರ ಹೆಚ್ಚು) ಅದು ಸಲೀಸಾಗಿ ಓಡುತ್ತಿತ್ತು. ಈಗ 256ಕ್ಕೆ ಏರಿಸಿದರೂ, ಪೆಡಲ್ ಒತ್ತಿ ಎರಡು ಕೈಯಲ್ಲಿ ದೊಡ್ಡ ಸ್ವರಗುಚ್ಛ ಹಿಡಿದರೆ ಚಟಚಟ ಸದ್ದು. ಅವರು ಇದಕ್ಕೆ ತಾವೇ ಮದ್ದು ಕಂಡುಕೊಂಡು, ಆ ಸಾಕೆಟ್ಟಿಗೆ ಬಂದ ಬಾರ್ಟನ್‌ಗಳಲ್ಲಿ ಅತಿ ದೊಡ್ಡದಾದ ಅಥ್ಲಾನ್ ಎಕ್ಸ್‌ಪಿ 3200+ ಅನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಯಂತ್ರದ ಜೊತೆ ಪೊಟ್ಟಣದಲ್ಲಿಟ್ಟು ರಿಪೇರಿಯವರಿಗೆ ಕೊಟ್ಟರು. "ಇದನ್ನು ಕೂರಿಸಿಕೊಡಿ" ಎಂಬುದಷ್ಟೇ ಬೇಡಿಕೆ.

ತಂತ್ರಜ್ಞರು ಮೊದಲು ಕೇಳಿದ್ದು ಚಟಚಟ ಯಾವಾಗ ಬರುತ್ತದೆ ಎಂದು. ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಸ್ವರಗಳು ಕೂಡಿದಾಗ ಬಂದರೆ ಪ್ರೊಸೆಸರಿಗೆ ನಿಜಕ್ಕೂ ಭಾರ ಹೆಚ್ಚಾಗಿದೆ ಎಂದರ್ಥ. ಕೈ ಎತ್ತಿದ ಮೇಲೆ, ರಿವರ್ಬಿನ ಬಾಲ ಅಡಗುವ ಹೊತ್ತಿಗೆ ಬಂದರೆ ಅದು ಬೇರೆಯೇ ಕಾಯಿಲೆ: ಸೊನ್ನೆಗೆ ತೀರಾ ಹತ್ತಿರದ, ಡಿನಾರ್ಮಲ್ ಎನ್ನುವ ಸಂಖ್ಯೆಗಳ ಲೆಕ್ಕದಲ್ಲಿ ಪ್ರೊಸೆಸರ್ ತಡವರಿಸುತ್ತದೆ, ಅದಕ್ಕೆ ಪ್ಲಗಿನ್ ಬದಲಿಸಬೇಕೇ ಹೊರತು ಚಿಪ್ ಅಲ್ಲ. ಕಾಲಕಾಲಕ್ಕೆ, ನುಡಿಸುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲದಂತೆ ಬಂದರೆ ಡಿಸ್ಕ್ ಕಡೆ ನೋಡಬೇಕು. ಐಡಿಇ ಡಿಸ್ಕ್, ನೇರವಾಗಿ ಮೆಮೊರಿಗೆ ಕಳಿಸುವ ಡಿಎಂಎ ವಿಧಾನ ಬಿಟ್ಟು ಪಿಐಒ ವಿಧಾನಕ್ಕೆ ಇಳಿದಿದ್ದರೆ ಪ್ರತಿ ಓದಿಗೂ ಪ್ರೊಸೆಸರೇ ಕೈಹಾಕಬೇಕಾಗುತ್ತದೆ. ಇಲ್ಲಿನ ಉತ್ತರ ಸ್ಪಷ್ಟವಿತ್ತು: ಸ್ವರ ಹೆಚ್ಚಿದಂತೆ ಸದ್ದು ಹೆಚ್ಚು.

ಆದರೂ ಒಂದು ಎಳೆ ಕೂಡುತ್ತಿರಲಿಲ್ಲ. ಅದೇ ಪ್ಯಾಚ್, ಅದೇ ಪ್ಲಗಿನ್‌ಗಳು, ಅದೇ ಯಂತ್ರ. ಪ್ರೊಸೆಸರಿಗೆ ವಯಸ್ಸಾದರೆ ಕೈಕೊಡುತ್ತದೆ, ನಿಧಾನವಾಗುವುದಿಲ್ಲ. ಮೊದಲು ಆಗುತ್ತಿದ್ದ ಕೆಲಸ ಈಗ ಆಗುತ್ತಿಲ್ಲವೆಂದರೆ ಬದಲಾದದ್ದು ಮತ್ತೇನೋ.

ಮುಚ್ಚಳ ತೆರೆಯುವ ಮುನ್ನ

ಇಂಥ ಯಂತ್ರದಲ್ಲಿ ಬೆಲೆಬಾಳುವುದು ಬೋರ್ಡ್ ಅಲ್ಲ, ಡಿಸ್ಕಿನಲ್ಲಿರುವ ವ್ಯವಸ್ಥೆ ಮತ್ತು ಪ್ಲಗಿನ್ ಪರವಾನಗಿಗಳು. ಹಾಗಾಗಿ ಮೊದಲ ಕೆಲಸ ಡಿಸ್ಕ್ ಬಿಚ್ಚಿ, ಬೇರೆ ಲಿನಕ್ಸ್ ಕಂಪ್ಯೂಟರಿಗೆ ಐಡಿಇ-ಯುಎಸ್‌ಬಿ ಅಡಾಪ್ಟರಿನಲ್ಲಿ ಸಿಕ್ಕಿಸಿ, ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಪ್ರತಿ ತೆಗೆದದ್ದು. ಫೈಲುಗಳನ್ನು ಮಾತ್ರ ನಕಲು ಮಾಡಿಕೊಂಡರೆ ಸಾಲದು. ಬೂಟ್ ಭಾಗ, ಪಾರ್ಟಿಷನ್ ಪಟ್ಟಿ ಎಲ್ಲವೂ ಸೆಕ್ಟರ್ ಸೆಕ್ಟರ್ ಆಗಿ ಬರಬೇಕು. ಪ್ರತಿ ಕೈಯಲ್ಲಿದೆ ಎಂದು ಹಳೆಯ ಡಿಸ್ಕನ್ನು ಎಸೆಯುವಂತೆಯೂ ಇಲ್ಲ. ಕೆಲವು ಪ್ಲಗಿನ್‌ಗಳು ಡಿಸ್ಕಿನ ಸೀರಿಯಲ್ ನಂಬರ್ ಹಿಡಿದು ಪರವಾನಗಿ ಕಟ್ಟಿರುತ್ತವೆ, ಪ್ರತಿಯಿಂದ ಬೂಟ್ ಮಾಡಿದರೆ ಮತ್ತೆ ನೋಂದಣಿ ಕೇಳುತ್ತವೆ. ಆ ಪ್ಲಗಿನ್ ಮಾಡಿದ ಕಂಪನಿ ಇಷ್ಟರಲ್ಲಿ ಬಾಗಿಲು ಹಾಕಿದ್ದರೆ ಕೇಳುವುದಕ್ಕೂ ಯಾರೂ ಇರುವುದಿಲ್ಲ.

ಡಿಸ್ಕನ್ನು ಮರಳಿ ಜೋಡಿಸಿದ ಮೇಲೆ ಯಂತ್ರದ ಹಿಂಬದಿಗೆ ವಿಜಿಎ ಮಾನಿಟರ್, ಪಿಎಸ್/2 ಕೀಬೋರ್ಡ್ ಸಿಕ್ಕಿಸಿ ಆನ್ ಮಾಡಿದರು. ರ‍್ಯಾಕಿನಲ್ಲಿ ಕೂತಿದ್ದಾಗ ಯಾರೂ ನೋಡದ ಬಯೋಸ್ (ಆನ್ ಮಾಡಿದೊಡನೆ ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಪರದೆ ಆಗ ಕಂಡಿತು. ಅಲ್ಲಿ 2500+ ಎಂದು ಬರೆದಿರಲಿಲ್ಲ. ಇದ್ದದ್ದು ಅಥ್ಲಾನ್, 1100 ಮೆಗಾಹರ್ಟ್ಸ್.

ಮೊದಲ ತಿರುವು: ಒಂದು ನಾಣ್ಯದಷ್ಟು ಬ್ಯಾಟರಿ

ಬಸ್, ಅಂದರೆ ಪ್ರೊಸೆಸರನ್ನು ಬೋರ್ಡಿಗೆ ಸೇರಿಸುವ ದಾರಿ, ಓಡುವ ಮೂಲ ವೇಗವನ್ನು ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ. 2500+ ಪ್ರೊಸೆಸರಿನ ಗುಣಕ 11. ಬಸ್ಸಿನ ಮೂಲ ವೇಗ 166 ಮೆಗಾಹರ್ಟ್ಸ್ (ನಿಖರವಾಗಿ 166.67) ಇದ್ದರೆ 1833 ಆಗುತ್ತದೆ, 100 ಇದ್ದರೆ 1100. ಬೋರ್ಡಿನ ಸಿಆರ್2032 ಬ್ಯಾಟರಿ ಅಳೆದರೆ 2.1 ವೋಲ್ಟ್, ಹೊಸದು 3 ವೋಲ್ಟಿಗಿಂತ ತುಸು ಮೇಲೆ ತೋರಿಸಬೇಕು. ಬ್ಯಾಟರಿ ಸತ್ತು ಸೆಟ್ಟಿಂಗ್ ಅಳಿಸಿಹೋಗಿ, ಬೋರ್ಡ್ ತನ್ನ ಸುರಕ್ಷಿತ ಮೂಲಸ್ಥಿತಿಯಾದ 100 ಮೆಗಾಹರ್ಟ್ಸ್‌ಗೆ ಇಳಿದಿತ್ತು. ಸಾಕೆಟ್ ಎ ಕಾಲದ ಹಲವು ಬೋರ್ಡ್‌ಗಳ ಸ್ವಭಾವವೇ ಇದು. ಮಾನಿಟರ್ ಇದ್ದ ಪಿಸಿಯಲ್ಲಾದರೆ ಬೂಟ್ ಆಗುವಾಗ ದೋಷಸಂದೇಶ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಬಯೋಸನ್ನು ದೋಷ ಕಂಡರೂ ನಿಲ್ಲದೆ ಮುಂದುವರಿಯುವಂತೆ ಇಟ್ಟಿದ್ದರು. ಕೀಬೋರ್ಡ್ ಇಲ್ಲದ ಪೆಟ್ಟಿಗೆಗೆ ಅದು ಸರಿಯಾದ ಏರ್ಪಾಡೇ. ಹಾಗಾಗಿ ಯಂತ್ರ ಸದ್ದಿಲ್ಲದೆ ಶೇ 60ರ ವೇಗದಲ್ಲಿ ಓಡುತ್ತ ಬಂದಿತ್ತು.

ಇದರ ಪರಿಣಾಮ ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು. 44,100 ಸ್ಯಾಂಪಲ್ ದರದಲ್ಲಿ 128 ಸ್ಯಾಂಪಲ್ ಬಫರ್ ಎಂದರೆ 2.9 ಮಿಲಿಸೆಕೆಂಡ್. ಅಷ್ಟರೊಳಗೆ ಪ್ಯಾಚಿನ ಎಲ್ಲ ಸ್ವರಗಳ ಲೆಕ್ಕ ಮುಗಿದು ಮುಂದಿನ ತುಂಡು ಸಿದ್ಧವಿರಬೇಕು. 1100 ಮೆಗಾಹರ್ಟ್ಸ್‌ನಲ್ಲಿ ಆ ಅವಧಿಗೆ ಸಿಗುವುದು ಸುಮಾರು 32 ಲಕ್ಷ ಕ್ಲಾಕ್ ಸೈಕಲ್. 1833ರಲ್ಲಿ 53 ಲಕ್ಷ. ಬಸ್ ಇಳಿದರೆ ಮೆಮೊರಿಯ ಹಾದಿಯೂ ಕಿರಿದಾಗುತ್ತದೆ: ಸೆಕೆಂಡಿಗೆ 2.7 ಗಿಗಾಬೈಟ್ ಸಾಗಬಲ್ಲ ದಾರಿ 1.6ಕ್ಕೆ ಇಳಿದಿತ್ತು. ಸ್ಯಾಂಪಲ್ ಆಧಾರಿತ ತಂತಿವಾದ್ಯಕ್ಕೆ ಈ ಎರಡನೆಯ ಪೆಟ್ಟೂ ಕಡಿಮೆಯದಲ್ಲ. ಯಂತ್ರದ ಸಿಪಿಯು ಮೀಟರ್ ಅರವತ್ತೋ ಎಪ್ಪತ್ತೋ ಶೇಕಡಾ ತೋರಿಸುತ್ತಿತ್ತಲ್ಲ ಎಂದು ವಾದಕರು ಕೇಳಿದರು. ಆ ಮೀಟರ್ ತೋರಿಸುವುದು ಸರಾಸರಿ. ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವನು ಒಟ್ಟಾರೆ ಚುರುಕು ಎಂದ ಮಾತ್ರಕ್ಕೆ ಆಗಲಿಲ್ಲ, ಪ್ರತಿ ಎಲೆ ಬರಿದಾಗುವ ಮೊದಲು ಬರಬೇಕು. ಒಂದೇ ಒಂದು ಬಫರ್ ತಡವಾದರೂ ಕಿವಿಗೆ ಅದು ಚಟ್ ಎಂದೇ ಕೇಳುತ್ತದೆ.

ಬ್ಯಾಟರಿ ಬದಲಾಯಿತು, ಬಸ್ 166ಕ್ಕೆ ಏರಿತು, ಮೆಮೊರಿ ಕೂಡ ಅದೇ ವೇಗಕ್ಕೆ ಹೊಂದಿತು. ಪರದೆಯ ಮೇಲೆ 2500+ ಮೂಡಿತು. ಇಲ್ಲೇ ದಿನಾಂಕವನ್ನೂ ಸರಿಪಡಿಸಿಕೊಂಡು ಆಮೇಲೆ ಮುಂದಕ್ಕೆ ಬೂಟ್ ಮಾಡಬೇಕು. ಬ್ಯಾಟರಿ ಸತ್ತ ಬೋರ್ಡ್ ತನ್ನ ಬಯೋಸ್ ಹುಟ್ಟಿದ ವರ್ಷಕ್ಕೆ ಹಿಂದೆ ಹೋಗಿರುತ್ತದೆ. ಪರವಾನಗಿ ಪರೀಕ್ಷಿಸುವ ಪ್ಲಗಿನ್‌ಗಳಲ್ಲಿ ಕೆಲವು, ತಾವು ಸ್ಥಾಪನೆಯಾದ ದಿನಕ್ಕಿಂತ ಹಿಂದಿನ ತಾರೀಕು ಕಂಡರೆ ಯಾರೋ ಗಡಿಯಾರ ತಿರುಗಿಸಿದ್ದಾರೆಂದು ಗುಮಾನಿಪಟ್ಟು ಬೀಗ ಹಾಕಿಕೊಳ್ಳುತ್ತವೆ.

128 ಸ್ಯಾಂಪಲ್ಲಿನಲ್ಲಿ ಮೂರು ಪದರದ ಪ್ಯಾಚ್ ಮೊದಲಿನಂತೆ ನುಡಿಯಿತು. ವಾದಕರಿಗೆ ಫೋನ್ ಮಾಡಿ, ಚಿಪ್ ಬೇಕಾಗಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಅಷ್ಟರಲ್ಲಿ, ಮುಕ್ಕಾಲು ಗಂಟೆ ಭಾರದ ಪರೀಕ್ಷೆಯ ಹೊತ್ತಿಗೆ, ಯಂತ್ರ ತಾನಾಗಿ ರೀಬೂಟ್ ಆಯಿತು.

ಎರಡನೆಯ ತಿರುವು: ಉಬ್ಬಿದ ಕೆಪಾಸಿಟರ್‌ಗಳು

ಬಸ್ ಏರಿಸಿದ ಮೇಲೆ ಹೀಗಾದರೆ ಮೊದಲ ಅನುಮಾನ ಮೆಮೊರಿಯ ಮೇಲೆ ಹೋಗುತ್ತದೆ. ಮೆಮ್‌ಟೆಸ್ಟ್86+ ಓಡಿಸಿದರೆ ಒಂದೂ ತಪ್ಪು ತೋರಿಸಲಿಲ್ಲ; ತಪ್ಪು ತೋರಿಸದೆಯೇ ಪರೀಕ್ಷೆಯ ನಡುವೆ ಯಂತ್ರ ರೀಸೆಟ್ ಆಯಿತು. ಈ ವ್ಯತ್ಯಾಸ ಗಮನಿಸಬೇಕಾದದ್ದು. ಮೆಮೊರಿ ಕೆಟ್ಟಿದ್ದರೆ ಸಾಮಾನ್ಯವಾಗಿ ಕೆಂಪು ಸಾಲುಗಳು ಬರುತ್ತವೆ. ಏನೂ ಹೇಳದೆ ಬಿದ್ದುಹೋದರೆ ವಿದ್ಯುತ್ತನ್ನೋ ಶಾಖವನ್ನೋ ಹುಡುಕಬೇಕು. ಬಯೋಸ್ ತೋರಿಸಿದ ಶಾಖ 60 ಡಿಗ್ರಿಯ ಆಸುಪಾಸು. ಬಾರ್ಟನ್ ಡೆಸ್ಕ್‌ಟಾಪ್ ಚಿಪ್ಪಿನ ಮಿತಿ 85 ಡಿಗ್ರಿ. ಹಾಗಾದರೆ ಉಳಿದದ್ದು ವಿದ್ಯುತ್ತು.

ಪ್ರೊಸೆಸರ್ ಸಾಕೆಟ್ಟಿನ ಪಕ್ಕದ ಸಾಲಿನಲ್ಲಿ ಪ್ರೊಸೆಸರಿಗೆ ಹೋಗುವ ವಿದ್ಯುತ್ತಿನ ಏರಿಳಿತ ತಗ್ಗಿಸುವ ಆರು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಎರಡರ ತಲೆ ಕಣ್ಣಿಗೆ ಕಾಣುವಷ್ಟು ಉಬ್ಬಿತ್ತು, ಒಂದರ ಬುಡದಲ್ಲಿ ಕಂದು ಕಲೆ. ಮಲ್ಟಿಮೀಟರಿನಲ್ಲಿ ಪ್ರೊಸೆಸರ್ ವೋಲ್ಟೇಜ್ ಅಳೆದರೆ 1.63, ಇರಬೇಕಾದದ್ದು 1.65. ಅಷ್ಟನ್ನೇ ನೋಡಿದವರು "ಸರಿಯಿದೆ" ಎಂದು ಮುಂದೆ ಹೋಗಿಬಿಡುತ್ತಾರೆ. ಮಲ್ಟಿಮೀಟರ್ ಕೂಡ ಸರಾಸರಿಯನ್ನೇ ತೋರಿಸುವುದು. ಕ್ಷಣಕ್ಷಣದ ವೋಲ್ಟೇಜನ್ನು ಗೆರೆಯಾಗಿ ಬಿಡಿಸುವ ಆಸಿಲೋಸ್ಕೋಪ್ ಹಚ್ಚಿದಾಗ ಅದೇ ಗೆರೆಯ ಮೇಲೆ ಏರಿಳಿತ ಎದ್ದು ಕಂಡಿತು.

ಇಷ್ಟು ದಿನ ಯಂತ್ರ ಬೀಳದೆ ಓಡಿದ್ದು ಹೇಗೆ? 2500+ ಪೂರ್ಣ ವೇಗದಲ್ಲಿ ಗರಿಷ್ಠ 68.3 ವಾಟ್ ಬೇಡುತ್ತದೆ. 1.65 ವೋಲ್ಟಿನಲ್ಲಿ ಅದು 41 ಆಂಪಿಯರ್. ವೋಲ್ಟೇಜ್ ಅಷ್ಟೇ ಇಟ್ಟು ವೇಗವನ್ನು 1100ಕ್ಕೆ ಇಳಿಸಿದರೆ ಬೇಡಿಕೆ ಸುಮಾರು 25 ಆಂಪಿಯರಿಗೆ ತಗ್ಗುತ್ತದೆ. ಒಣಗುತ್ತಿದ್ದ ಕೆಪಾಸಿಟರ್‌ಗಳು 25 ಆಂಪಿಯರನ್ನು ಹೇಗೋ ತೂಗಿಸಿಕೊಂಡು ಹೋಗುತ್ತಿದ್ದವು, 41 ಆಗಲಿಲ್ಲ. ಬ್ಯಾಟರಿಯ ದೋಷ ಕೆಪಾಸಿಟರಿನ ದೋಷವನ್ನು ಮುಚ್ಚಿಟ್ಟಿತ್ತು. ವಾದಕರ ಮಾತಿನಂತೆ ಬ್ಯಾಟರಿ ನೋಡದೆ ನೇರ 3200+ ಕೂರಿಸಿದ್ದರೆ ಅದೂ 11 ಗುಣಕದ್ದೇ ಆದ್ದರಿಂದ ಅದೂ 1100ರಲ್ಲೇ ಓಡುತ್ತಿತ್ತು. ದುಡ್ಡು ಹೋಗಿ ಒಂದು ಮೆಗಾಹರ್ಟ್ಸ್ ಕೂಡ ದಕ್ಕುತ್ತಿರಲಿಲ್ಲ.

1999ರಿಂದ 2007ರವರೆಗಿನ ಬೋರ್ಡ್‌ಗಳಲ್ಲಿ ಕೆಪಾಸಿಟರ್ ಉಬ್ಬುವುದು ಎಷ್ಟು ಸಾಮಾನ್ಯವೆಂದರೆ, ಆ ಕಾಲದ ಯಾವ ಯಂತ್ರ ಬಂದರೂ ಮೊದಲು ಟಾರ್ಚ್ ಹಿಡಿದು ಅವುಗಳ ತಲೆ ನೋಡುವುದು ರೂಢಿ. ಬದಲಿ ಹಾಕುವಾಗ ಅಳತೆ: 3300 ಮೈಕ್ರೊಫ್ಯಾರಡ್, 6.3 ವೋಲ್ಟ್, 105 ಡಿಗ್ರಿ, 10 ಮಿಲಿಮೀಟರ್ ವ್ಯಾಸ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಕಡಿಮೆ ಒಳರೋಧದ, ಅಂದರೆ ಕಡಿಮೆ ಇಎಸ್‌ಆರ್ ಸರಣಿಯದು. ಅಂಗಡಿಯಲ್ಲಿ ಸುಮ್ಮನೆ "3300, 6.3" ಎಂದು ಕೇಳಿದರೆ ಸಾಮಾನ್ಯ ಬಳಕೆಯ ಕೆಪಾಸಿಟರ್ ಕೊಟ್ಟಾರು, ಅದು ಇಲ್ಲಿ ಬಹಳ ದಿನ ಬಾಳುವುದಿಲ್ಲ. ಎರಡು ಮಾತ್ರ ಉಬ್ಬಿದ್ದರೂ ಆರನ್ನೂ ಬದಲಿಸುವುದೇ ಸರಿ. ಉಬ್ಬದ ನಾಲ್ಕೂ ಅದೇ ತಯಾರಿಕೆಯವು, ಅಷ್ಟೇ ಕಾಲ ಅದೇ ಬಿಸಿಯಲ್ಲಿ ಬೆಂದವು.

ಬೆಸುಗೆ ಬಿಡಿಸುವುದು ಈ ಕೆಲಸದ ಕಷ್ಟದ ಭಾಗ. ಬೋರ್ಡ್ ಬಹುಪದರದ್ದು. ಋಣ ಕಾಲು ಒಳಗಿನ ಅಗಲವಾದ ತಾಮ್ರದ ಹಾಳೆಗೆ ಸೇರಿರುವುದರಿಂದ ಕಾಯಿಸಿದ ಬಿಸಿಯನ್ನೆಲ್ಲ ಅದು ಹೀರಿಬಿಡುತ್ತದೆ. 25 ವಾಟಿನ ಐರನ್ ಸಾಲದು, 60 ವಾಟಿನದು, ಅಗಲ ತುದಿಯದು ಬೇಕು. ಹಳೆಯ ಬೆಸುಗೆಗೆ ಫ್ಲಕ್ಸ್ ಹಚ್ಚಿ, ಸ್ವಲ್ಪ ಹೊಸ ಸೀಸದ ಬೆಸುಗೆ ಬೆರೆಸಿದರೆ ಬೇಗ ಕರಗುತ್ತದೆ. ಕಾಲುಗಳನ್ನು ಒಂದೊಂದಾಗಿ ಕಾಯಿಸುತ್ತ ಕೆಪಾಸಿಟರನ್ನು ಆಚೀಚೆ ವಾಲಿಸಿ ತೆಗೆಯಬೇಕು. ಎಳೆದರೆ ತೂತಿನ ಒಳಗೋಡೆಯ ತಾಮ್ರವೇ ಕಿತ್ತು ಬರುತ್ತದೆ, ಬಂದರೆ ಬೋರ್ಡ್ ಕೆಟ್ಟಂತೆಯೇ. ಬಿಚ್ಚುವ ಮೊದಲು ಫೋಟೊ ತೆಗೆದಿಡುವುದು ಕಡ್ಡಾಯ. ಬೋರ್ಡಿನ ಮೇಲೆ ಅಚ್ಚಾದ ವೃತ್ತದ ಅರ್ಧಕ್ಕೆ ಬಣ್ಣ ತುಂಬಿರುತ್ತದೆ. ಹೆಚ್ಚಿನ ಬೋರ್ಡ್‌ಗಳಲ್ಲಿ ಅದು ಋಣದ ಗುರುತು, ಕೆಲವದರಲ್ಲಿ ತಿರುವುಮುರುವು. ಅಚ್ಚನ್ನು ನಂಬುವ ಬದಲು ಮೊದಲಿದ್ದ ಕೆಪಾಸಿಟರಿನ ಪಟ್ಟೆ ಯಾವ ಕಡೆಗಿತ್ತೆಂಬುದನ್ನು ನಂಬಬೇಕು.

ಕೆಪಾಸಿಟರ್ ಬದಲಾದ ಮೇಲೆ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿತು, ಏನೂ ಆಗಲಿಲ್ಲ.

ಈಗ ಪ್ರೊಸೆಸರಿನ ಮಾತು

ಯಂತ್ರ ಹಳೆಯ ಸ್ಥಿತಿಗೆ ಬಂದಿತ್ತು. ವಾದಕರಿಗೆ ಅದರ ಮೇಲೆ ಇನ್ನೊಂದಿಷ್ಟು ಬೇಕಿತ್ತು: ನಾಲ್ಕನೆಯ ಪದರ, ಅದೂ 128ರಲ್ಲೇ. ಹಾಗಾಗಿ ಬೇಡಿಕೆ ಮತ್ತೆ ಪ್ರೊಸೆಸರಿಗೆ ಬಂತು, ಈ ಸಲ ನ್ಯಾಯವಾಗಿಯೇ.

ಕೊಂಡು ತಂದ 3200+ ಏನಾಯಿತು? ಅದರ ಗುಣಕವೂ 11, ಬಸ್ 200. ಹನ್ನೊಂದು ಇನ್ನೂರಲೆ 2200 ಮೆಗಾಹರ್ಟ್ಸ್. ಕೆಎಂ400 ಚಿಪ್‌ಸೆಟ್ ಅಧಿಕೃತವಾಗಿ ತಲುಪುವುದು 166ರವರೆಗೆ, ಅಂದರೆ ಕಾಗದದ ಮೇಲೆ 333 ಎಂದು ಬರೆಯುವ ಬಸ್ (ಪ್ರತಿ ಕ್ಲಾಕಿಗೆ ಎರಡು ಸಲ ದತ್ತಾಂಶ ಸಾಗುವುದರಿಂದ ಇಮ್ಮಡಿ). 200 ಬೇಕಾದರೆ ಅದರ ಮುಂದಿನ ಕೆಎಂ400ಎ ಇರಬೇಕಿತ್ತು. 166ರ ಬಸ್ಸಿನಲ್ಲಿ 3200+ ಕೂತರೆ ಮತ್ತದೇ 1833. ಎರಡೂ ಬಾರ್ಟನ್, ಎರಡಕ್ಕೂ 512 ಕೆಬಿ ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ), ಎರಡೂ 11 ಗುಣಕ. ಆ ಬೋರ್ಡಿನ ಮಟ್ಟಿಗೆ 3200+ ಎಂಬುದು ಬೇರೆ ಸ್ಟಿಕ್ಕರ್ ಅಂಟಿಸಿದ 2500+. ಗುಣಕ ಏರಿಸೋಣವೆಂದರೆ 2003ರ ಕೊನೆಯ ತಿಂಗಳುಗಳಿಂದ ಎಎಂಡಿ ಡೆಸ್ಕ್‌ಟಾಪ್ ಚಿಪ್‌ಗಳ ಗುಣಕಕ್ಕೆ ಬೀಗ ಹಾಕಿತ್ತು.

ಬಸ್ಸನ್ನೇ ಬಲವಂತವಾಗಿ 200ಕ್ಕೆ ತಳ್ಳುವ ಸಲಹೆ, ಯಂತ್ರವನ್ನು ನಿಗದಿಗಿಂತ ವೇಗವಾಗಿ ಓಡಿಸುವ ಓವರ್‌ಕ್ಲಾಕಿಂಗ್ ಮಾಡುವವರಿಂದ ಬಂದೇ ಬರುತ್ತದೆ. ಆಟದ ಪಿಸಿಗೆ ಅದು ಸರಿಹೋದೀತು. ಬಸ್ ಏರಿದಾಗ, ಹೆಚ್ಚುವರಿ ಕಾರ್ಡುಗಳು ಕೂರುವ ಪಿಸಿಐ ದಾರಿಯ ವೇಗವನ್ನು ಪ್ರತ್ಯೇಕವಾಗಿ 33 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಲಾಗದ ಬೋರ್ಡ್‌ಗಳಲ್ಲಿ ಅದೂ ಜೊತೆಗೇ ಏರುತ್ತದೆ. 166ರ ಬಸ್ಸಿಗೆ ಅದು ಐದರಲ್ಲೊಂದು ಪಾಲು; 200ನ್ನು ಐದರಿಂದ ಭಾಗಿಸಿದರೆ 40. ಆಡಿಯೊ ಕಾರ್ಡೂ ಡಿಸ್ಕ್ ಕಂಟ್ರೋಲರೂ ಕೂತಿರುವುದು ಅದೇ ಪಿಸಿಐ ಮೇಲೆ. ವೇದಿಕೆಯ ಮೇಲೆ ಹೋಗುವ ಯಂತ್ರಕ್ಕೆ ಅಂಥ ಜೂಜು ಬೇಡವೆಂದು ತಂತ್ರಜ್ಞರು ತೀರ್ಮಾನಿಸಿದರು.

ಉಳಿದ ದಾರಿ ಎರಡು. ಒಂದು, ಲ್ಯಾಪ್‌ಟಾಪಿಗೆಂದು ಬಂದ ಅಥ್ಲಾನ್ ಎಕ್ಸ್‌ಪಿ-ಎಂ. ಅದರ ಗುಣಕಕ್ಕೆ ಬೀಗವಿಲ್ಲ, 1.45 ವೋಲ್ಟಿನಲ್ಲಿ 45 ವಾಟ್ ಮಾತ್ರ ಬೇಡುತ್ತದೆ. ತಗ್ಗಿನ 2ಯು ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿದೆ. ತೊಡಕೆಂದರೆ ಡೆಸ್ಕ್‌ಟಾಪ್ ಬೋರ್ಡ್‌ಗಳ ಎಷ್ಟೋ ಬಯೋಸ್‌ಗಳಿಗೆ ಇದರ ಗುರುತು ಹತ್ತುವುದಿಲ್ಲ. ಅತಿ ಕಡಿಮೆ ಗುಣಕದಲ್ಲಿ ಎಬ್ಬಿಸಿ ಬಿಟ್ಟುಬಿಡುತ್ತವೆ. ಬಯೋಸಿನಲ್ಲಿ ಗುಣಕ ಬದಲಿಸುವ ಮೆನು ಇದ್ದರೆ ಚಿಂತೆಯಿಲ್ಲ. ಈ ಬೋರ್ಡಿನಲ್ಲಿ ಇರಲಿಲ್ಲ. ಸಾಕೆಟ್ಟಿನ ತೂತುಗಳಲ್ಲಿ ಸಣ್ಣ ತಂತಿ ಇಟ್ಟು ಗುಣಕ ನಿಗದಿಮಾಡುವ ಹಳೆಯ ಉಪಾಯವೊಂದುಂಟು, ಆದರೆ ಲಾರಿಯಲ್ಲಿ ಕುಲುಕಾಡುವ ರ‍್ಯಾಕಿಗೆ ಅದು ಸಲ್ಲ. ಬಯೋಸ್ ಹೊಸದು ಹಾಕುವ ಯೋಚನೆಯನ್ನೂ ಕೈಬಿಟ್ಟರು. ಇಂಥ ಯಂತ್ರಗಳಲ್ಲಿ ತಯಾರಕರು ತಮ್ಮ ಅಗತ್ಯಕ್ಕೆ ತಿದ್ದಿದ ಬಯೋಸ್ ಇರಬಹುದು. ಮದರ್‌ಬೋರ್ಡ್ ಕಂಪನಿಯ ಸಾಮಾನ್ಯ ಫೈಲನ್ನು ಅದರ ಮೇಲೆ ಬರೆದರೆ ಹಿಂದಕ್ಕೆ ಬರುವ ದಾರಿ ಇರದೇ ಹೋಗಬಹುದು.

ಎರಡನೆಯ ದಾರಿ 3000+. ಇಲ್ಲಿ ಎಚ್ಚರ ಬೇಕು, ಯಾಕೆಂದರೆ ಬಾರ್ಟನ್ 3000+ ಎಂಬ ಹೆಸರಿನಲ್ಲಿ ಎರಡು ಚಿಪ್‌ಗಳಿವೆ. ಒಂದು 13 ಗುಣಕ, 166 ಬಸ್: 2167 ಮೆಗಾಹರ್ಟ್ಸ್. ಇನ್ನೊಂದು 10.5 ಗುಣಕ, 200 ಬಸ್: 2100. ಎರಡನೆಯದನ್ನು ಈ ಬೋರ್ಡಿಗೆ ಹಾಕಿದರೆ ಸಿಗುವುದು 1750, ಬಿಚ್ಚಿಟ್ಟ ಹಳೆಯ ಚಿಪ್ಪಿಗಿಂತಲೂ ಕಡಿಮೆ. ಮಾರುವವರು ಸಾಮಾನ್ಯವಾಗಿ "3000+" ಎಂದಷ್ಟೇ ಬರೆಯುತ್ತಾರೆ. ಚಿಪ್ಪಿನ ಮೇಲಿನ ಸಂಕೇತದ ಫೋಟೊ ತರಿಸಿಕೊಂಡು ಕೊನೆಯ ಅಕ್ಷರ ನೋಡಬೇಕು: ಎಎಕ್ಸ್‌ಡಿಎ3000ಡಿಕೆವಿ4ಡಿ ಎಂದು 'ಡಿ'ಯಲ್ಲಿ ಮುಗಿದರೆ 166ರದ್ದು, 'ಇ'ಯಲ್ಲಿ ಮುಗಿದರೆ 200ರದ್ದು. 'ಡಿ' ಚಿಪ್ಪನ್ನೇ ತರಿಸಿದರು.

ವಿದ್ಯುತ್ ಲೆಕ್ಕ ಮತ್ತೊಮ್ಮೆ. ಈ ಚಿಪ್ಪಿನ ಗರಿಷ್ಠ 74.3 ವಾಟ್, ಅಂದರೆ 45 ಆಂಪಿಯರ್. ಬೋರ್ಡಿನಲ್ಲಿ ಪ್ರೊಸೆಸರಿಗೆಂದೇ ಇರುವ ನಾಲ್ಕು ಪಿನ್ನಿನ 12 ವೋಲ್ಟ್ ಕನೆಕ್ಟರ್ ಇರಲಿಲ್ಲ. ಹಾಗಿದ್ದರೆ ಪ್ರೊಸೆಸರಿನ ಇಡೀ ಭಾರ 5 ವೋಲ್ಟ್ ಸಾಲಿನ ಮೇಲೆ ಬೀಳುತ್ತದೆ. ವೋಲ್ಟೇಜ್ ಇಳಿಸುವ ಮಂಡಲದ ದಕ್ಷತೆ ಶೇ 80 ಎಂದು ಹಿಡಿದರೂ ಪ್ರೊಸೆಸರೊಂದಕ್ಕೇ ಸುಮಾರು 18.6 ಆಂಪಿಯರ್, ಡಿಸ್ಕು ಮೆಮೊರಿ ಬೇರೆ. ಹಳೆಯ ಪವರ್ ಸಪ್ಲೈ ಆ ಕಾಲದ್ದೇ ಆದ್ದರಿಂದ ಅದರ 5 ವೋಲ್ಟ್ ಸಾಲು ಗಟ್ಟಿಯಿತ್ತು, ಭಾರದಲ್ಲೂ 4.9ಕ್ಕಿಂತ ಕೆಳಗೆ ಇಳಿಯಲಿಲ್ಲ. "ಹಳೆಯದು ಯಾಕೆ, ಹೊಸ 500 ವಾಟಿನದು ಹಾಕಿಬಿಡೋಣ" ಎಂಬುದು ಇಲ್ಲಿ ತಪ್ಪು ದಾರಿ. ಇಂದಿನ ಸಪ್ಲೈಗಳ ಬಲವೆಲ್ಲ 12 ವೋಲ್ಟಿನಲ್ಲಿ. 5 ವೋಲ್ಟ್ ಅವಕ್ಕೆ ಮಲಮಗು. ಅಮೆರಿಕದಿಂದ ಇಂಥ ಯಂತ್ರ ಹೊತ್ತು ತರುವ ಕನ್ನಡಿಗರಿಗೆ ಇನ್ನೊಂದು ಮಾತು: ಸಪ್ಲೈ ಹಿಂದೆ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಬೆಂಗಳೂರಿನ ಪ್ಲಗ್ಗಿಗೆ ಚುಚ್ಚುವ ಮುನ್ನ ಅದನ್ನು ತಿರುಗಿಸಿರಬೇಕು.

ಕೂರಿಸುವಾಗ

ಸಾಕೆಟ್ ಎ ಪ್ರೊಸೆಸರಿಗೆ ಲೋಹದ ಮುಚ್ಚಳವಿಲ್ಲ. ನಡುವೆ ಬರೀ ಸಿಲಿಕಾನ್ ತುಂಡು, ನಾಲ್ಕು ಮೂಲೆಯಲ್ಲಿ ರಬ್ಬರ್ ದಿಂಬು. ಹೀಟ್‌ಸಿಂಕ್ ಓರೆಯಾಗಿ ಕೂತು ಒಂದು ಕಡೆ ಒತ್ತಡ ಬಿದ್ದರೆ ಸಿಲಿಕಾನಿನ ಮೂಲೆ ಚಕ್ಕೆ ಏಳುತ್ತದೆ. ಹೀಟ್‌ಸಿಂಕಿನ ತಳದಲ್ಲಿ ಒಂದು ಅಂಚಿಗೆ ಮೆಟ್ಟಿಲಿನಂತೆ ತಗ್ಗು ಇರುತ್ತದೆ; ಅದು ಸಾಕೆಟ್ಟಿನ ಉಬ್ಬಿದ ಕಡೆಗೇ ಬರಬೇಕು. ತಿರುಗಿಸಿ ಕೂರಿಸಿದರೆ ಹೀಟ್‌ಸಿಂಕ್ ಸಿಲಿಕಾನನ್ನು ಸರಿಯಾಗಿ ಮುಟ್ಟುವುದೇ ಇಲ್ಲ, ಆನ್ ಮಾಡಿದ ಕೆಲವೇ ಸೆಕೆಂಡಿನಲ್ಲಿ ಚಿಪ್ ಸುಟ್ಟುಹೋಗಬಹುದು.

ಕ್ಲಿಪ್ ಬಿಚ್ಚಲು ಚಪ್ಪಟೆ ಸ್ಕ್ರೂಡ್ರೈವರ್ ಒತ್ತಬೇಕು. ಸಾಕೆಟ್ ಎ ಬೋರ್ಡ್‌ಗಳು ಹೆಚ್ಚಾಗಿ ಹಾಳಾಗುವುದು ಈ ಹೆಜ್ಜೆಯಲ್ಲೇ. ಸ್ಕ್ರೂಡ್ರೈವರ್ ಜಾರಿದರೆ ಸಾಕೆಟ್ ಪಕ್ಕದ ತಾಮ್ರದ ಗೆರೆಗಳನ್ನು ಕೊಯ್ದುಬಿಡುತ್ತದೆ. ಕ್ಲಿಪ್ಪಿನ ಕೆಳಗೆ ದಪ್ಪ ರಟ್ಟಿನ ತುಂಡೊಂದನ್ನು ಇಟ್ಟುಕೊಂಡರೆ ಜಾರಿದರೂ ಬೋರ್ಡ್ ಉಳಿಯುತ್ತದೆ. ಬೋರ್ಡನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಮಾಡುವುದು ಇನ್ನೂ ವಾಸಿ. ಕೆಪಾಸಿಟರ್ ಕೆಲಸಕ್ಕೆ ಹೇಗೂ ತೆಗೆದಿದ್ದರಿಂದ ಇಲ್ಲಿ ಅದು ಹೆಚ್ಚಿನ ಶ್ರಮವಾಗಲಿಲ್ಲ.

ಹೀಟ್‌ಸಿಂಕಿನ ತಳಕ್ಕೆ ಅಂಟಿದ್ದ ಹಳೆಯ ಶಾಖದ ಪ್ಯಾಡನ್ನು ಎರಡನೆಯ ಸಲ ಬಳಸುವಂತಿಲ್ಲ. ಪ್ಲಾಸ್ಟಿಕ್ ಕಾರ್ಡಿನಿಂದ ಹೆರೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಸಿಲಿಕಾನಿನ ಮೇಲೆ ಮಾತ್ರ ಅಕ್ಕಿಕಾಳಿನಷ್ಟು ಥರ್ಮಲ್ ಪೇಸ್ಟ್. ಹೆಚ್ಚು ಹಚ್ಚಿದರೆ ಹೆಚ್ಚು ತಂಪು ಎಂಬುದೇನಿಲ್ಲ.

2ಯು ಪೆಟ್ಟಿಗೆಯ ಹೊರ ಎತ್ತರ 89 ಮಿಲಿಮೀಟರ್. ತಗಡು, ಬೋರ್ಡ್ ಕಂಬಗಳು, ಸಾಕೆಟ್ ಎಲ್ಲ ಕಳೆದು, ಫ್ಯಾನ್ ಗಾಳಿ ಎಳೆದುಕೊಳ್ಳಲು ಮೇಲೆ ಒಂದಿಷ್ಟು ಜಾಗ ಬಿಟ್ಟರೆ ಫ್ಯಾನೂ ಸೇರಿ ಸುಮಾರು 60 ಮಿಲಿಮೀಟರಿಗಿಂತ ಎತ್ತರದ ಹೀಟ್‌ಸಿಂಕ್ ಹಿಡಿಸುವುದಿಲ್ಲ. ಹೊಸ ಚಿಪ್ 6 ವಾಟ್ ಮಾತ್ರ ಹೆಚ್ಚು ಕೇಳುವುದರಿಂದ ಹಳೆಯದನ್ನೇ ಉಳಿಸಿಕೊಂಡು, ಸವೆದ ಫ್ಯಾನನ್ನು ಬದಲಿಸಿದರು. ಪರೀಕ್ಷೆಯನ್ನು ಮುಚ್ಚಳ ಮುಚ್ಚಿಯೇ ಮಾಡಬೇಕು. ಮುಚ್ಚಳ ತೆರೆದಾಗ ಕಾಣುವ ಶಾಖ ನಾಟಕದ ರಾತ್ರಿಯ ಶಾಖವಲ್ಲ.

ಏನಾಯಿತು

ಮೊದಲ ಬೂಟಿನಲ್ಲೇ ಬಯೋಸ್ ಚಿಪ್ಪಿನ ಹೆಸರು ಹೇಳಿತು, ವೇಗ 2167. ಪ್ಲಗಿನ್‌ಗಳಲ್ಲಿ ಒಂದು ಮರುನೋಂದಣಿ ಕೇಳಿತು. ಅದರ ಸಂಕೇತ ವಾದಕರ ಹಳೆಯ ಇಮೇಲಿನಲ್ಲಿ ಸಿಕ್ಕಿದ್ದು ಅದೃಷ್ಟ. ನಾಲ್ಕು ಪದರ 128ರಲ್ಲಿ ನುಡಿಯಿತು. 64ಕ್ಕೆ ಇಳಿಸಿದರೆ ಮತ್ತೆ ಚಟಚಟ, ಅದನ್ನು ಯಾರೂ ನಿರೀಕ್ಷಿಸಿಯೂ ಇರಲಿಲ್ಲ. 128ರ ಅವಧಿಯಲ್ಲಿ ಈಗ ಸಿಗುತ್ತಿರುವುದು ಸುಮಾರು 63 ಲಕ್ಷ ಸೈಕಲ್. 32 ಲಕ್ಷದಿಂದ 53ಕ್ಕೆ ಬಂದದ್ದು ಬ್ಯಾಟರಿಯಿಂದ, 53ರಿಂದ 63ಕ್ಕೆ ಬಂದದ್ದು ಪ್ರೊಸೆಸರಿನಿಂದ. ಕೇವಲ ಶೇ 18ರ ಗಳಿಕೆ. ಯಂತ್ರ ಕೊಟ್ಟಾಗ ಇದ್ದ ವೇಗಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಇಮ್ಮಡಿ, ಆದ್ದರಿಂದ ವಾದಕರ ಕಿವಿಗೆ ಅದು ಪವಾಡದಂತೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಆಸೆ ಮಾತ್ರ ಈಡೇರಲಿಲ್ಲ. ಪ್ರೊಸೆಸರ್ ಬದಲಾದ ಮೇಲೆ ಹಾಕಿಕೊಳ್ಳಬೇಕೆಂದು ಅವರು ಹೊಸ ಪಿಯಾನೊ ಪ್ಲಗಿನ್ನೊಂದನ್ನು ಇಟ್ಟುಕೊಂಡಿದ್ದರು. ಲೋಡ್ ಮಾಡಿದ ತಕ್ಷಣ ಅದು ಕುಸಿಯಿತು. ಇದು ವೇಗದ ಮಾತೇ ಅಲ್ಲ. ಅಥ್ಲಾನ್ ಎಕ್ಸ್‌ಪಿಗೆ ಎಸ್‌ಎಸ್‌ಇ ಎಂಬ ಆಜ್ಞೆಗಳು (ಒಂದೇ ಸಲ ಹಲವು ಸಂಖ್ಯೆಗಳ ಲೆಕ್ಕ ಮಾಡುವವು) ಗೊತ್ತು, ಎಸ್‌ಎಸ್‌ಇ2 ಗೊತ್ತಿಲ್ಲ. ಎಎಂಡಿಯ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಅದು ಬಂದದ್ದು 2003ರ ಅಥ್ಲಾನ್ 64ರೊಂದಿಗೆ. ಎಸ್‌ಎಸ್‌ಇ2 ಬೇಕೇಬೇಕೆಂದು ಕಂಪೈಲ್ ಆದ (ಯಂತ್ರಭಾಷೆಗೆ ಇಳಿಸಿದ) ಪ್ಲಗಿನ್ ಸಾಕೆಟ್ ಎಯ ಯಾವ ಚಿಪ್ಪಿನ ಮೇಲೂ ಓಡುವುದಿಲ್ಲ. ಅಥ್ಲಾನ್ 64 ಬೇಕೆಂದರೆ ಸಾಕೆಟ್ಟೇ ಬೇರೆ, ಬೋರ್ಡೇ ಬೇರೆ. ಬೋರ್ಡ್ ಬದಲಾದರೆ ನೆಟ್‌ವರ್ಕ್ ಚಿಪ್, ಡಿಸ್ಕ್ ಕಂಟ್ರೋಲರ್ ಎಲ್ಲ ಬದಲಾಗುತ್ತವೆ. ತಯಾರಕರು ಒಂದೇ ಯಂತ್ರಕ್ಕೆಂದು ಕಟ್ಟಿದ ಲಿನಕ್ಸಿನಲ್ಲಿ ಅವಕ್ಕೆ ಡ್ರೈವರ್ ಇರುತ್ತದೆಂದು ನಂಬುವಂತಿಲ್ಲ. ಲಿನಕ್ಸಿನ ತಿರುಳಾದ ಕರ್ನೆಲನ್ನು ಅಥ್ಲಾನಿಗೆಂದೇ ಕಂಪೈಲ್ ಮಾಡಿದ್ದರಂತೂ ಇಂಟೆಲ್ ಬೋರ್ಡಿನ ಮೇಲೆ ಅದು ಏಳದೇ ಹೋಗಬಹುದು. ಆ ದಾರಿ ಅಲ್ಲಿಗೇ ಬಿಟ್ಟು, ಅದೇ ಪಿಯಾನೊದ ಹಳೆಯ ಆವೃತ್ತಿ ಹುಡುಕಿ ಹಾಕಿದರು. ಅದು ಓಡಿತು.

ಇದೇ ಬಗೆಯ ಯಂತ್ರ ಕೈಗೆ ಬಂದರೆ

ಕೆಲಸದ ಸರದಿ ಈ ಪ್ರಕರಣದಲ್ಲಿ ಆದಂತೆಯೇ ಇರಲಿ: ಡಿಸ್ಕ್ ಪ್ರತಿ, ಮಾನಿಟರ್ ಹಚ್ಚಿ ನಿಜವಾದ ವೇಗ, ಬ್ಯಾಟರಿ, ಕೆಪಾಸಿಟರ್, ಆಮೇಲೆ ಚಿಪ್‌ಸೆಟ್ಟಿನ ಬಸ್ ಮಿತಿ, ಎಲ್ಲಕ್ಕೂ ಕೊನೆಗೆ ಚಿಪ್ ಕೊಳ್ಳುವುದು. ಚಿಪ್ ಮೊದಲು ಕೊಂಡವರು ಅದನ್ನು ಹೇಗಾದರೂ ಬಳಸಲೇಬೇಕೆಂಬ ಹಟಕ್ಕೆ ಬೀಳುತ್ತಾರೆ. ಬಸ್ಸನ್ನು 200ಕ್ಕೆ ತಳ್ಳುವ ಜೂಜು ಶುರುವಾಗುವುದು ಅಲ್ಲಿಂದಲೇ.

ಪ್ರೊಸೆಸರ್ ಬದಲಾವಣೆಯಿಂದ ದೊಡ್ಡ ಲಾಭ ಸಿಗುವ ಯಂತ್ರಗಳೂ ಇವೆ. 133ರ ಬಸ್ಸಿನ, ಕಡಿಮೆ ಕ್ಯಾಶ್ ಇರುವ ಹಳೆಯ ಚಿಪ್ಪಿನೊಂದಿಗೆ ಬಂದು, ಬೋರ್ಡ್ ಮಾತ್ರ 166ನ್ನು ಬಲ್ಲದ್ದಾಗಿದ್ದರೆ ಬಾರ್ಟನ್ ಹಾಕುವುದು ಎದ್ದು ಕಾಣುವ ಏರಿಕೆ. ಬಾರ್ಟನ್ 2500+ ಈಗಾಗಲೇ ಕೂತಿದ್ದರೆ, ಬಸ್ 166ಕ್ಕೆ ನಿಲ್ಲುವುದಾದರೆ, ಮುಂದೆ ಉಳಿದಿರುವುದು ಈ ಶೇ 18 ಮಾತ್ರ. ಪ್ರೊಸೆಸರನ್ನು ಬೋರ್ಡಿಗೇ ಬೆಸೆದ ಚಿಕ್ಕ ಪೆಟ್ಟಿಗೆಗಳಲ್ಲಿ ಈ ಮಾತೆಲ್ಲ ಅನ್ವಯಿಸುವುದೇ ಇಲ್ಲ.

3200+ ಚಿಪ್ಪನ್ನು ವಾದಕರು 400ರ (ಮೂಲ ವೇಗ 200ರ) ಬಸ್ಸಿನ ಬೋರ್ಡ್ ಇದ್ದ ಬೇರೊಬ್ಬರಿಗೆ ಮಾರಿದರು. ಯಂತ್ರದ ಮುಚ್ಚಳದ ಒಳಬದಿಗೆ ತಂತ್ರಜ್ಞರು ಒಂದು ಚೀಟಿ ಅಂಟಿಸಿದರು: ಬಸ್ 166, ಮೆಮೊರಿ 166, ವೋಲ್ಟೇಜ್ 1.65, ದೋಷ ಕಂಡರೂ ನಿಲ್ಲದಿರುವ ಸೆಟ್ಟಿಂಗ್, ಬ್ಯಾಟರಿ ಬದಲಿಸಿದ ತಿಂಗಳು.